ಪ್ರಾಕ್ಸಿಗೆ ರೂಟ್ ಕೊಡಬೇಡಿ: ಸರ್ವರ್ ನೋಡಿಕೊಳ್ಳುವವರಿಗೊಂದು ಕರೆ

ಸರ್ವರ್ ನೋಡಿಕೊಳ್ಳುವ ಗೆಳೆಯರೆಲ್ಲರಿಗೂ ಮೊದಲಿಗೇ ಒಂದು ಪ್ರಶ್ನೆ. ನಿಮ್ಮ ಲಿನಕ್ಸ್ ಯಂತ್ರದಲ್ಲಿ ಹಗಲೂ ರಾತ್ರಿ ಹೊರಗಿನವರೊಂದಿಗೆ ಮಾತಾಡುತ್ತಿರುವ ಪ್ರಾಕ್ಸಿ ಯಾರ ಹೆಸರಿನಲ್ಲಿ ಓಡುತ್ತಿದೆ? ಅದು ಸ್ಕ್ವಿಡ್ ಆಗಿರಲಿ, ಎಂಜಿನ್‌ಎಕ್ಸ್ ಆಗಿರಲಿ, ಎಚ್‌ಎ ಪ್ರಾಕ್ಸಿ ಆಗಿರಲಿ, ನಿಮ್ಮ ತಂಡದವರೇ ನೋಡ್‌ನಲ್ಲೋ ಪೈಥಾನ್‌ನಲ್ಲೋ ಬರೆದುಕೊಂಡ ನೂರಿನ್ನೂರು ಸಾಲಿನ ಪ್ರೋಗ್ರಾಂ ಆಗಿರಲಿ, ಪ್ರೊಸೆಸ್‌ಗಳ ಪಟ್ಟಿ ತೆಗೆದು ಯೂಸರ್ ಎಂಬ ಕಾಲಂ ನೋಡಿ. ಹೊರಗಿನವರ ಮಾತು ಕೇಳಿಸಿಕೊಳ್ಳುವ ಪ್ರೊಸೆಸ್‌ನ ಎದುರು ರೂಟ್ ಎಂದಿದ್ದರೆ, ಈ ಮಾತೆಲ್ಲ ನಿಮಗೇ ಹೇಳುತ್ತಿರುವುದು.

ಇದು ಅಭಿರುಚಿಯ ವಿಷಯ ಎಂದುಕೊಂಡವರು ಬಹಳ ಮಂದಿ ಇದ್ದಾರೆ. ಯಾವ ಎಡಿಟರ್ ಒಳ್ಳೆಯದು ಎಂಬ ಜಗಳದ ಸಾಲಿಗೆ ಇದನ್ನೂ ಸೇರಿಸಿ, ನಕ್ಕು ಮುಂದೆ ಹೋಗುತ್ತಾರೆ. ನಾನು ಒಪ್ಪುವುದಿಲ್ಲ. ರೂಟ್ ಎಂದರೆ ಆ ಯಂತ್ರದ ಮೇಲೆ ಮಿತಿಯೇ ಇಲ್ಲದ ಅಧಿಕಾರ. ಆ ಯಂತ್ರದೊಳಗೆ ಇರುವುದೋ, ಬೇರೆಯವರ ಬದುಕು: ಆಸ್ಪತ್ರೆಗೆ ಹೋದವರ ರಕ್ತಪರೀಕ್ಷೆಯ ವರದಿ, ಸಾಲ ಕೇಳಿದವರ ಆದಾಯ ಪತ್ರ, ಪರೀಕ್ಷೆ ಬರೆದ ಮಕ್ಕಳ ಅಂಕಪಟ್ಟಿ, ಅಂಗಡಿಯವನ ದಿನದ ವಹಿವಾಟು. ಅವರು ಯಾರೂ ನಮ್ಮನ್ನು ನೋಡಿಲ್ಲ, ನಮ್ಮ ಹೆಸರೂ ಗೊತ್ತಿಲ್ಲ. ಆದರೂ ನಂಬಿದ್ದಾರೆ. ಅವರ ಗಂಟನ್ನು, ಅವರನ್ನು ಕೇಳದೆ, ನಮ್ಮ ಅರ್ಧ ಗಂಟೆಯ ಕೆಲಸ ಉಳಿಯಲಿ ಎಂದು ಪಣಕ್ಕಿಡುವುದು ತಪ್ಪು. ಅದನ್ನು ತಪ್ಪು ಎಂದೇ ಕರೆಯೋಣ.

ಪ್ರಾಕ್ಸಿಯ ಕೆಲಸ ಎಂಥದ್ದು, ಸ್ವಲ್ಪ ಯೋಚಿಸಿ. ಗುರುತಿಲ್ಲದವರು ಕಳಿಸಿದ್ದನ್ನು ಓದುವುದೇ ಅದರ ಉದ್ಯೋಗ. ಬ್ರೌಸರ್‌ನಿಂದ ಬಂದ ಹೆಡರ್, ಕುಕೀ, ತುಂಡು ತುಂಡಾಗಿ ಬರುವ ಡೇಟಾ, ಟಿಎಲ್‌ಎಸ್ ಹ್ಯಾಂಡ್‌ಶೇಕ್, ಡಿಎನ್‌ಎಸ್ ಉತ್ತರ, ಆ ಕಡೆಯ ಸರ್ವರ್ ಕೊಟ್ಟ ಪುಟ, ಇವೆಲ್ಲವನ್ನೂ ಅದು ಬಿಡಿಸಿ ನೋಡಬೇಕು, ಅರ್ಥಮಾಡಿಕೊಳ್ಳಬೇಕು, ಮುಂದಕ್ಕೆ ದಾಟಿಸಬೇಕು. ಇದರಲ್ಲಿ ಯಾವ ಬೈಟ್ ಸಜ್ಜನರದ್ದು, ಯಾವುದು ಕೇಡು ಬಯಸಿದವರದ್ದು ಎಂದು ಓದುವ ಮೊದಲೇ ತಿಳಿಯುವ ದಾರಿಯಿಲ್ಲ. ಒಂದು ಯಂತ್ರದಲ್ಲಿ ಅತಿ ಹೆಚ್ಚು ಅಪರಿಚಿತರ ಕೈಗೆ ಸಿಗುವ ಪ್ರೋಗ್ರಾಂ ಯಾವುದು ಎಂದರೆ ಪ್ರಾಕ್ಸಿಯೇ. ಅಂಥ ಪ್ರೋಗ್ರಾಂಗೇ ಅತಿ ಹೆಚ್ಚು ಅಧಿಕಾರ ಕೊಟ್ಟು ಕೂರಿಸಿದ್ದೇವೆ.

ಈ ಪ್ರೋಗ್ರಾಂಗಳಲ್ಲಿ ದೋಷ ಇಲ್ಲವೇ? ಇದೆ, ಇದ್ದೇ ಇರುತ್ತದೆ. ಸ್ಕ್ವಿಡ್ 1990ರ ದಶಕದಿಂದ ಜಗತ್ತಿಗೆ ದುಡಿಯುತ್ತಿರುವ ಪ್ರಾಕ್ಸಿ; ಅದನ್ನು ಬರೆದವರ, ಇಂದಿಗೂ ಕೈಬಿಡದೆ ನೋಡಿಕೊಳ್ಳುತ್ತಿರುವವರ ಬಗ್ಗೆ ನನಗೆ ಗೌರವವಿದೆ. ಆದರೂ 2019ರಲ್ಲಿ ಸಿವಿಇ-2019-12527 ಎಂಬ ದೋಷ ಬೆಳಕಿಗೆ ಬಂತು. ಬಳಕೆದಾರನ ಹೆಸರು, ಪಾಸ್‌ವರ್ಡ್ ಹೊತ್ತು ಬರುವ ಬೇಸಿಕ್ ಅಥೆಂಟಿಕೇಶನ್ ಹೆಡರನ್ನು ಬಿಡಿಸುವಾಗ, ಬಿಡಿಸಿದ್ದು ಬಫರ್‌ನಲ್ಲಿ ಹಿಡಿಸುತ್ತದೆಯೇ ಎಂದು ಉದ್ದ ನೋಡುತ್ತಿರಲಿಲ್ಲ. ಉದ್ದದ ಹೆಡರ್ ಕಳಿಸಿದವನು ಪ್ರಾಕ್ಸಿಯ ಮೆಮೊರಿಯ ಮೇಲೆ ತನಗೆ ಬೇಕಾದ್ದನ್ನು ಬರೆಯಬಹುದಿತ್ತು. 2021ರಲ್ಲಿ ಒಬ್ಬ ಸಂಶೋಧಕ ಇದೇ ಸ್ಕ್ವಿಡ್ಡನ್ನು ಕೂಲಂಕಷವಾಗಿ ಪರೀಕ್ಷಿಸಿದಾಗ 55 ದೋಷಗಳು ಸಿಕ್ಕವು. 2023ರ ಅಕ್ಟೋಬರ್‌ನಲ್ಲಿ ಆತ ಪಟ್ಟಿಯನ್ನು ಬಹಿರಂಗಪಡಿಸುವ ಹೊತ್ತಿಗೂ ಅವುಗಳಲ್ಲಿ ಬಹುಪಾಲು ಹಾಗೆಯೇ ಉಳಿದಿದ್ದವು. ಎಂಜಿನ್‌ಎಕ್ಸ್‌ನಲ್ಲಿ 2013ರಲ್ಲಿ, ತುಂಡು ತುಂಡಾಗಿ ಬರುವ ಡೇಟಾದ ಗಾತ್ರವನ್ನು ತಪ್ಪಾಗಿ ಲೆಕ್ಕಹಾಕಿ ಸ್ಟ್ಯಾಕ್ ತುಂಬಿ ಹರಿಯುವ ದೋಷ ಕಂಡಿತು. ಲಕ್ಷಾಂತರ ಸಾಲಿನ ಸಿ, ಸಿ++ ಭಾಷೆಗಳ ಕೋಡ್, ಮೂವತ್ತು ವರ್ಷದ ವೆಬ್‌ನ ವಿಚಿತ್ರಗಳನ್ನೆಲ್ಲ ಸಹಿಸಿಕೊಳ್ಳಬೇಕಾದ ಕೋಡ್. ಅದರಲ್ಲಿ ತಪ್ಪು ಉಳಿಯದು ಎಂದು ಯಾರೂ ಎದೆ ತಟ್ಟಿ ಹೇಳಲಾರರು.

ಹಾಗಾದರೆ ನಮ್ಮ ಕೈಯಲ್ಲಿರುವುದು ಏನು? ದೋಷ ಒಡೆದಾಗ, ಒಳಗೆ ಬಂದವನಿಗೆ ಏನು ಸಿಗಬೇಕು ಎಂಬುದನ್ನು ಇವತ್ತೇ ತೀರ್ಮಾನಿಸುವುದು. ಅಷ್ಟು ಮಾತ್ರ ನಮ್ಮ ಕೈಯಲ್ಲಿದೆ, ಆದರೆ ಅದು ಪೂರ್ತಿ ನಮ್ಮ ಕೈಯಲ್ಲಿದೆ.

ಎರಡು ಯಂತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಅದೇ ಪ್ರಾಕ್ಸಿ, ಅದೇ ದೋಷ, ಅದೇ ದಾಳಿಕೋರ. ಮೊದಲನೆಯದರಲ್ಲಿ ಪ್ರಾಕ್ಸಿ ತನ್ನದೇ ಪುಟ್ಟ ಖಾತೆಯಲ್ಲಿ ಓಡುತ್ತಿದೆ. ದಾಳಿಕೋರ ಒಳಗೆ ಬಂದ. ಪಾಸ್‌ವರ್ಡ್‌ಗಳ ಹ್ಯಾಶ್ ಇರುವ ಶ್ಯಾಡೋ ಫೈಲ್ ತೆರೆಯಲು ನೋಡಿದ, ಅನುಮತಿಯಿಲ್ಲ. ಪಕ್ಕದ ಡೇಟಾಬೇಸ್ ಪ್ರೊಸೆಸ್‌ನ ಮೆಮೊರಿ ಇಣುಕಲು ಹೋದ, ಅನುಮತಿಯಿಲ್ಲ. ಮತ್ತೆ ಬರಲು ಅನುಕೂಲವಾಗಲಿ ಎಂದು ಸಿಸ್ಟಂ ಶುರುವಾಗುವ ಫೈಲ್‌ಗಳಲ್ಲಿ ಒಂದು ಸಾಲು ಸೇರಿಸಲು ಹೋದ, ಅಲ್ಲೂ ಅನುಮತಿಯಿಲ್ಲ. ಅವನಿಗೆ ಆ ಪ್ರಾಕ್ಸಿಯ ಮೂಲಕ ಹಾಯುವುದಷ್ಟೇ ಕಂಡಿತು. ಅದೂ ದೊಡ್ಡ ನಷ್ಟವೇ, ಚಿಕ್ಕದು ಎನ್ನುತ್ತಿಲ್ಲ. ಆದರೆ ಮುಂದೆ ಹೋಗಬೇಕಾದರೆ ಅವನಿಗೆ ಇನ್ನೊಂದು ದೋಷ ಬೇಕು, ಇನ್ನಷ್ಟು ಹೊತ್ತು ಬೇಕು, ತಡಕಾಡುವಾಗ ಸದ್ದು ಮಾಡಬೇಕು. ಆ ಸದ್ದು ನಿಮಗೆ ಕೇಳಿಸುವ ಅವಕಾಶ ಉಳಿಯಿತು.

ಎರಡನೆಯ ಯಂತ್ರದಲ್ಲಿ ಪ್ರಾಕ್ಸಿ ರೂಟ್ ಆಗಿತ್ತು. ಅಲ್ಲಿ ದಾಳಿಕೋರ ಕಾಲಿಟ್ಟ ಗಳಿಗೆಯಲ್ಲೇ ಕಥೆ ಮುಗಿಯಿತು. ಶ್ಯಾಡೋ ಫೈಲ್ ಓದಿದ. ಟಿಎಲ್‌ಎಸ್‌ನ ಖಾಸಗಿ ಕೀ ನಕಲು ಮಾಡಿಕೊಂಡ. ಡೇಟಾಬೇಸ್‌ನ ಫೈಲ್‌ಗಳನ್ನೇ ಹೊತ್ತೊಯ್ದ. ಫೈರ್‌ವಾಲ್ ನಿಯಮ ತಿದ್ದಿದ. ಕರ್ನಲ್‌ಗೆ ತನ್ನದೊಂದು ಮಾಡ್ಯೂಲ್ ಸೇರಿಸಿ, ಪ್ರೊಸೆಸ್ ಪಟ್ಟಿಯಲ್ಲಿ ತಾನು ಕಾಣದಂತೆ ಮಾಡಿಕೊಂಡ. ಕೊನೆಗೆ ತಾನು ಬಂದುಹೋದ ಲಾಗ್ ಅಳಿಸಿದ. ಮರುದಿನ ನೀವು ಆ ಯಂತ್ರದಲ್ಲಿ ಏನು ನೋಡಿದರೂ ಅದು ಅವನು ನಿಮಗೆ ತೋರಿಸಬೇಕೆಂದುಕೊಂಡದ್ದೇ. ಎರಡು ಯಂತ್ರಗಳ ನಡುವಿನ ವ್ಯತ್ಯಾಸ ಕಾನ್ಫಿಗರೇಶನ್ನಿನ ಒಂದು ಸಾಲು.

ನಮ್ಮ ಹಳೆಯ ಕೆರೆಗಳ ಊರುಗಳಲ್ಲಿ ನೀರಗಂಟಿ ಇರುತ್ತಿದ್ದ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವುದು ಅವನ ಕೆಲಸ. ಊರಿನ ನೀರೆಲ್ಲ ಅವನ ಕೈಮೇಲೆಯೇ ಹಾಯುತ್ತಿತ್ತು. ಆದರೂ ಜಮೀನಿನ ಲೆಕ್ಕವಿರುವ ಶಾನುಭೋಗರ ಪುಸ್ತಕ ತಿದ್ದುವ ಅಧಿಕಾರ ಅವನಿಗಿರಲಿಲ್ಲ. ಅವನ ಮೇಲೆ ಊರಿಗೆ ಅನುಮಾನವಿತ್ತು ಎಂದಲ್ಲ. ತೂಬು ಎತ್ತಲು ಆ ಪುಸ್ತಕ ಬೇಕಿರಲಿಲ್ಲ. ಕಂಪ್ಯೂಟರ್ ಲೋಕದಲ್ಲಿ ಇದೇ ಮಾತನ್ನು ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ 1975ರಷ್ಟು ಹಿಂದೆಯೇ ಬರೆದಿಟ್ಟರು: ಪ್ರತಿ ಪ್ರೋಗ್ರಾಮೂ ತನ್ನ ಕೆಲಸಕ್ಕೆ ಬೇಕಾದ ಕನಿಷ್ಠ ಅಧಿಕಾರದಲ್ಲೇ ಓಡಬೇಕು. ಅರ್ಧ ಶತಮಾನವಾಯಿತು. ಗೊತ್ತಿರಲಿಲ್ಲ ಎಂದು ಹೇಳುವ ಹಕ್ಕನ್ನು ನಾವು ಎಂದೋ ಕಳೆದುಕೊಂಡಿದ್ದೇವೆ.

ಈ ಐವತ್ತು ವರ್ಷಗಳಲ್ಲಿ ಪಾಠ ಕಲಿತವರೂ ಇದ್ದಾರೆ, ಕಲಿಯದೆ ಪೆಟ್ಟು ತಿಂದವರೂ ಇದ್ದಾರೆ. 1990ರ ದಶಕದಲ್ಲಿ ಜಗತ್ತಿನ ಅಂಚೆ ಹೊರುತ್ತಿದ್ದ ಸೆಂಡ್‌ಮೇಲ್ ಒಂದೇ ದೊಡ್ಡ ಪ್ರೋಗ್ರಾಂ. ರೂಟ್ ಆಗಿ ಓಡುತ್ತಿತ್ತು. ಅದರಲ್ಲಿ ದೋಷ ಸಿಕ್ಕಾಗಲೆಲ್ಲ ಇಡೀ ಯಂತ್ರವೇ ಕೈಬಿಟ್ಟು ಹೋಗುತ್ತಿತ್ತು. ಅದಕ್ಕೆ ಉತ್ತರವಾಗಿ ಡೇನಿಯಲ್ ಬರ್ನ್‌ಸ್ಟೀನ್ ಕ್ಯೂಮೇಲ್ ಬರೆದರು, ವೀಟ್ಸೆ ವೆನೆಮಾ ಪೋಸ್ಟ್‌ಫಿಕ್ಸ್ ಬರೆದರು. ಇಬ್ಬರೂ ಮಾಡಿದ್ದು ಒಂದೇ: ಕೆಲಸವನ್ನು ಚಿಕ್ಕ ಚಿಕ್ಕ ಪ್ರೊಸೆಸ್‌ಗಳಾಗಿ ಒಡೆದು, ಹೊರಗಿನವರೊಂದಿಗೆ ಮಾತಾಡುವ ಪ್ರೊಸೆಸ್‌ನಿಂದ ರೂಟ್ ಕಿತ್ತುಕೊಂಡರು.

2002ರ ಜೂನ್ ತಿಂಗಳನ್ನು ಹಳಬರು ಮರೆತಿರಲಾರರು. ಓಪನ್‌ಎಸ್‌ಎಸ್‌ಎಚ್‌ನಲ್ಲಿ ಗಂಭೀರ ದೋಷ ಸಿಕ್ಕಿತ್ತು. ವಿವರ ಹೊರಬಿದ್ದರೆ ಜಗತ್ತಿನ ಸರ್ವರ್‌ಗಳೆಲ್ಲ ಬಯಲಾಗುತ್ತವೆ. ಆಗ ಅದನ್ನು ಬರೆಯುವ ತಂಡದ ಮುಂದಾಳು ಥಿಯೋ ಡಿ ರಾಟ್ ದೋಷ ಏನೆಂದು ಹೇಳದೆಯೇ ಎಲ್ಲರಿಗೂ ಒಂದೇ ಮಾತು ಹೇಳಿದರು: ಅಧಿಕಾರ ಬೇರ್ಪಡಿಸುವ ವ್ಯವಸ್ಥೆಯನ್ನು ಈಗಲೇ ಆನ್ ಮಾಡಿಕೊಳ್ಳಿ. ಆ ವ್ಯವಸ್ಥೆಯನ್ನು ನೀಲ್ಸ್ ಪ್ರೋವೋಸ್ ಕೆಲವೇ ತಿಂಗಳ ಹಿಂದೆ ಸೇರಿಸಿದ್ದರು. ಹೊರಗಿನವರ ಮಾತು ಕೇಳುವ ಭಾಗಕ್ಕೆ ಖಾಲಿ ಡೈರೆಕ್ಟರಿಯೊಂದರ ಆಚೆಗೆ ಏನೂ ಕಾಣದಂತೆ, ಯಾವ ಅಧಿಕಾರವೂ ಇಲ್ಲದಂತೆ ಮಾಡುವ ವ್ಯವಸ್ಥೆ ಅದು. ಹಾಗೆ ಆನ್ ಮಾಡಿಕೊಂಡವರ ಯಂತ್ರದಲ್ಲಿ ಆ ದೋಷದಿಂದ ರೂಟ್ ಸಿಗುತ್ತಿರಲಿಲ್ಲ. ತೇಪೆ ಬರುವ ಮೊದಲೇ, ದೋಷ ಯಾವುದೆಂದು ತಿಳಿಯುವ ಮೊದಲೇ ರಕ್ಷಣೆ ಸಿಕ್ಕಿತು. ಕನಿಷ್ಠ ಅಧಿಕಾರದ ಬಲವೆಲ್ಲ ಇದರಲ್ಲಿದೆ: ನಾಳೆ ಸಿಗಲಿರುವ, ಇಂದು ಯಾರಿಗೂ ಗೊತ್ತಿಲ್ಲದ ದೋಷದಿಂದಲೂ ಅದು ಕಾಯುತ್ತದೆ.

ಕಲಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ 2019ರ ಜೂನ್ ಸಾಕ್ಷಿ. ಎಕ್ಸಿಮ್ ಎಂಬ ಅಂಚೆ ಸರ್ವರ್‌ನ 4.87ರಿಂದ 4.91ರವರೆಗಿನ ಆವೃತ್ತಿಗಳಲ್ಲಿ, ಪತ್ರ ಸೇರಬೇಕಾದವರ ವಿಳಾಸದ ಜಾಗದಲ್ಲಿ ಆಜ್ಞೆ ಬರೆದು ಕಳಿಸಿದರೆ ಅದು ಆ ಆಜ್ಞೆಯನ್ನು ನಡೆಸಿಯೇಬಿಡುತ್ತಿತ್ತು, ಅದೂ ರೂಟ್ ಆಗಿ. ಕೆಲವೇ ದಿನಗಳಲ್ಲಿ ದಾಳಿ ಶುರುವಾಯಿತು. 2022ರ ಮೇ ತಿಂಗಳಲ್ಲಿ ಎಫ್5 ಸಂಸ್ಥೆಯ ಬಿಗ್-ಐಪಿಯಲ್ಲಿ, ಅಂದರೆ ದೊಡ್ಡ ದೊಡ್ಡ ಜಾಲಗಳ ಮುಂದೆ ಲೋಡ್ ಹಂಚುತ್ತಾ ಪ್ರಾಕ್ಸಿಯಾಗಿ ನಿಲ್ಲುವ ಯಂತ್ರದಲ್ಲಿ, ಹೆಡರ್‌ಗಳನ್ನು ಜಾಣತನದಿಂದ ಜೋಡಿಸಿದವನಿಗೆ ಪಾಸ್‌ವರ್ಡ್ ಇಲ್ಲದೆಯೇ ಆಡಳಿತದ ಬಾಗಿಲು ತೆರೆಯಿತು. ಒಳಗೆ ಸಿಕ್ಕಿದ್ದು ರೂಟ್. ಅಲ್ಲೂ ದಾಳಿಕೋರರು ದಿನಗಟ್ಟಲೆ ಕಾಯಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ನಮ್ಮಲ್ಲಿ ಪ್ರಾಕ್ಸಿ ರೂಟ್ ಆಗುವುದು ಹೇಗೆ? ಕೆಟ್ಟ ಉದ್ದೇಶದಿಂದಲ್ಲ. ರಾತ್ರಿ ಹನ್ನೊಂದರ ಹೊತ್ತಿಗೆ ರಿಲೀಸ್ ಇರುತ್ತದೆ. ತಂಡದ ಹುಡುಗನೊಬ್ಬ 8080ನೇ ಪೋರ್ಟ್‌ನಲ್ಲಿ ಚೆನ್ನಾಗಿ ಓಡುತ್ತಿದ್ದ ಪ್ರಾಕ್ಸಿಯನ್ನು 443ಕ್ಕೆ ತಿರುಗಿಸುತ್ತಾನೆ. ಸ್ಕ್ರೀನ್ ಮೇಲೆ ಪರ್ಮಿಷನ್ ಡಿನೈಡ್ ಎಂದು ಬರುತ್ತದೆ. ಕಾಲ್‌ನಲ್ಲಿ ಮ್ಯಾನೇಜರ್ ಇದ್ದಾರೆ, ಆ ಕಡೆ ಗ್ರಾಹಕರೂ ಇದ್ದಾರೆ. ಹುಡುಗ ಆಜ್ಞೆಯ ಮುಂದೆ ಸುಡೊ ಎಂದು ಹೊಡೆಯುತ್ತಾನೆ. ಓಡುತ್ತದೆ! ಎಲ್ಲರೂ ಬೆನ್ನು ತಟ್ಟುತ್ತಾರೆ, ಮಲಗಲು ಹೋಗುತ್ತಾರೆ. ನಾಳೆ ಸರಿಮಾಡೋಣ ಎಂದದ್ದು ಟಿಕೆಟ್ ಆಗುತ್ತದೆ, ಟಿಕೆಟ್ ಬ್ಯಾಕ್‌ಲಾಗ್‌ನ ತಳ ಸೇರುತ್ತದೆ, ಹುಡುಗ ಬೇರೆ ಕಂಪನಿ ಸೇರುತ್ತಾನೆ. ಸುಡೊ ಮಾತ್ರ ಉಳಿಯುತ್ತದೆ.

ಆ ಹುಡುಗನಿಗೆ ಯಾರೂ ಹೇಳಿಕೊಡದ ಸಂಗತಿ ಇಷ್ಟೇ. 1024ಕ್ಕಿಂತ ಕೆಳಗಿನ ಪೋರ್ಟ್‌ಗಳನ್ನು ಹಿಡಿಯಲು ರೂಟ್ ಬೇಕೆಂಬುದು ಯುನಿಕ್ಸ್‌ನ ಹಳೆಯ ಕಟ್ಟಳೆ. ಒಂದು ಯಂತ್ರವನ್ನು ಹತ್ತಾರು ಮಂದಿ ಹಂಚಿಕೊಳ್ಳುತ್ತಿದ್ದ ಕಾಲದಲ್ಲಿ ಅದಕ್ಕೆ ಅರ್ಥವಿತ್ತು. ಆದರೆ ಬೇಕಾದದ್ದು ಪೋರ್ಟ್ ಹಿಡಿಯುವ ಆ ಒಂದು ಗಳಿಗೆಗೆ, ಆ ಒಂದು ಅಧಿಕಾರ. ಲಿನಕ್ಸ್ ಕರ್ನಲ್ 1999ರಲ್ಲೇ, 2.2ನೇ ಆವೃತ್ತಿಯಲ್ಲಿ, ರೂಟ್‌ನ ಅಧಿಕಾರವನ್ನು ಕೇಪಬಿಲಿಟಿ ಎಂಬ ಬಿಡಿ ತುಂಡುಗಳಾಗಿ ಒಡೆಯಿತು. ಇಂದು ಅಂಥವು 40ರಷ್ಟಿವೆ. ಅವುಗಳಲ್ಲಿ ನೆಟ್-ಬೈಂಡ್-ಸರ್ವಿಸ್ ಎಂಬ ಒಂದೇ ಒಂದನ್ನು ಕೊಟ್ಟರೆ 443 ಸಿಗುತ್ತದೆ, ಉಳಿದವು ಬೇಡ. 2008ರಿಂದ ಅದನ್ನು ನೇರವಾಗಿ ಪ್ರೋಗ್ರಾಂ ಫೈಲ್‌ಗೇ ಹಚ್ಚಬಹುದು. 2015ರಲ್ಲಿ ಬಂದ 4.3ನೇ ಕರ್ನಲ್ ಅಥವಾ ಅದರ ಈಚಿನದು ಇದ್ದರೆ, ಸಿಸ್ಟಂಡಿ ಮೂಲಕ ಸಾಮಾನ್ಯ ಖಾತೆಯ ಸರ್ವಿಸ್‌ಗೆ ಒಂದು ಸಾಲಿನಲ್ಲಿ ಕೊಡಬಹುದು. 2017ರಿಂದ, 4.11ನೇ ಕರ್ನಲ್‌ನಿಂದ ಈಚೆಗೆ, ಯಾವ ಪೋರ್ಟ್‌ನವರೆಗೆ ಅಧಿಕಾರ ಬೇಕು ಎಂಬ ಗೆರೆಯನ್ನೇ ಒಂದು ಸೆಟ್ಟಿಂಗ್‌ನಿಂದ ಕೆಳಗಿಳಿಸಬಹುದು. ಪೋರ್ಟನ್ನು ಸಿಸ್ಟಂಡಿಯೇ ತೆರೆದು ಪ್ರಾಕ್ಸಿಯ ಕೈಗೆ ಕೊಡುವ ದಾರಿಯೂ ಇದೆ. ಒಳಗೆ 8080ರಲ್ಲಿ ಕೇಳುತ್ತಾ, ಫೈರ್‌ವಾಲ್‌ನಲ್ಲಿ 443ನ್ನು ಅತ್ತ ತಿರುಗಿಸುವ ದಾರಿಯೂ ಇದೆ. ಐದು ದಾರಿ ಹೇಳಿದೆ. ಪ್ರತಿಯೊಂದೂ ಒಂದೆರಡು ಸಾಲಿನ ಕೆಲಸ. ಇನ್ನು ಸ್ಕ್ವಿಡ್ ಕೇಳುವುದು 3128ನೇ ಪೋರ್ಟ್‌ನಲ್ಲಿ. ಅದಕ್ಕೆ ರೂಟ್ ಬೇಕೆಂಬ ಕಟ್ಟಳೆಯೇ ಇಲ್ಲ!

ಒಳ್ಳೆಯ ಪ್ರಾಕ್ಸಿಗಳನ್ನು ಬರೆದವರು ಈ ಎಚ್ಚರವನ್ನು ಮೊದಲೇ ಇಟ್ಟಿದ್ದಾರೆ. ಎಂಜಿನ್‌ಎಕ್ಸ್‌ನಲ್ಲಿ ಮಾಸ್ಟರ್ ಪ್ರೊಸೆಸ್ ಮಾತ್ರ ರೂಟ್. ಜನರೊಂದಿಗೆ ಮಾತಾಡುವ ವರ್ಕರ್‌ಗಳಿಗೆ ಬೇರೆ ಖಾತೆ. ಸ್ಕ್ವಿಡ್ಡನ್ನು ರೂಟ್ ಆಗಿ ಶುರುಮಾಡಿದರೂ ತಾನಾಗಿ ಬೇರೆ ಖಾತೆಗೆ ಇಳಿಯುತ್ತದೆ. ಡೆಬಿಯನ್‌ನಲ್ಲಿ ಪ್ರಾಕ್ಸಿ ಎಂಬ ಖಾತೆಯೇ ಇದೆ, ರೆಡ್‌ಹ್ಯಾಟ್‌ನಲ್ಲಿ ಸ್ಕ್ವಿಡ್ ಎಂಬ ಖಾತೆ. ಎಚ್‌ಎ ಪ್ರಾಕ್ಸಿ ಪೋರ್ಟ್ ಹಿಡಿದ ಮೇಲೆ ರೂಟ್ ಬಿಟ್ಟು, ಖಾಲಿ ಡೈರೆಕ್ಟರಿಯೊಳಗೆ ತನ್ನನ್ನೇ ಕಟ್ಟಿಹಾಕಿಕೊಳ್ಳಬಲ್ಲದು. ಕ್ಯಾಡಿ ಎಂಬ ವೆಬ್ ಸರ್ವರ್‌ನ ಅಧಿಕೃತ ಸರ್ವಿಸ್ ಫೈಲ್ ಶುರುವಿನಿಂದಲೇ ಸಾಮಾನ್ಯ ಖಾತೆಯಲ್ಲಿ ಓಡಿಸುತ್ತದೆ. ಪ್ಯಾಕೇಜ್ ಮಾಡಿಕೊಟ್ಟವರು ಸರಿಯಾಗಿಯೇ ಕೊಟ್ಟಿದ್ದಾರೆ. ಲಾಗ್ ಬರೆಯಲಾಗುತ್ತಿಲ್ಲ, ಸರ್ಟಿಫಿಕೇಟ್ ಓದಲಾಗುತ್ತಿಲ್ಲ ಎಂದು ಯೂಸರ್ ಸಾಲಿನಲ್ಲಿ ರೂಟ್ ಎಂದು ಬದಲಿಸಿ ಕೆಡಿಸುವವರು ನಾವು. ಒಂದು ಫೈಲ್‌ನ ಒಡೆತನ ಸರಿಪಡಿಸಬೇಕಾದ ಕಡೆ ಇಡೀ ಯಂತ್ರದ ಒಡೆತನವನ್ನೇ ಬರೆದುಕೊಡುತ್ತೇವೆ.

ಕಂಟೇನರ್ ಒಳಗಿದೆ, ಹೆದರಿಕೆಯಿಲ್ಲ ಎನ್ನುವವರಿಗೆ ಒಂದು ಮಾತು. ಯೂಸರ್ ನೇಮ್‌ಸ್ಪೇಸ್ ಬೇರೆ ಮಾಡದಿದ್ದರೆ ಕಂಟೇನರ್ ಒಳಗಿನ ರೂಟ್ ಕರ್ನಲ್‌ನ ಕಣ್ಣಿಗೆ ಅದೇ ಸೊನ್ನೆ ನಂಬರಿನ ರೂಟ್. 2019ರ ಫೆಬ್ರವರಿಯಲ್ಲಿ, ಕಂಟೇನರ್‌ಗಳನ್ನು ಓಡಿಸುವ ರನ್‌ಸಿ ಎಂಬ ಪ್ರೋಗ್ರಾಂನಲ್ಲಿ ಸಿಕ್ಕ ಸಿವಿಇ-2019-5736 ಇದನ್ನೇ ತೋರಿಸಿತು: ಕಂಟೇನರ್ ಒಳಗೆ ರೂಟ್ ಆಗಿದ್ದವನು ಹೊರಗಿನ ಯಂತ್ರದ ರನ್‌ಸಿ ಫೈಲನ್ನೇ ತಿದ್ದಿ ಹೊರಬರಬಹುದಿತ್ತು. ಒಳಗೆ ಸಾಮಾನ್ಯ ಖಾತೆ ಬಳಸಿದವರಿಗೆ ಆ ಕಾಟ ತಟ್ಟಲಿಲ್ಲ. ಎಚ್‌ಎ ಪ್ರಾಕ್ಸಿಯ ಅಧಿಕೃತ ಡಾಕರ್ ಇಮೇಜ್ 2.4ನೇ ಆವೃತ್ತಿಯಿಂದ ತನ್ನದೇ ಖಾತೆಯಲ್ಲಿ ಓಡುತ್ತದೆ. ನಿಮ್ಮ ಡಾಕರ್‌ಫೈಲ್‌ಗೂ ಆ ಒಂದು ಸಾಲು ಭಾರವಾಗದು.

ಆಫೀಸಿನ ಒಳಗಿನ ಪ್ರಾಕ್ಸಿ, ಹೊರಗಿನವರಿಗೆ ಕಾಣುವುದೇ ಇಲ್ಲ ಎನ್ನುವವರೂ ಇದ್ದಾರೆ. ಕಾಲೇಜಿನ ಲ್ಯಾಬ್‌ನಲ್ಲಿ, ಕಚೇರಿಯಲ್ಲಿ ಕೂತ ಸ್ಕ್ವಿಡ್ ಹೊರಗಿನ ಸಾವಿರಾರು ಸೈಟ್‌ಗಳ ಉತ್ತರವನ್ನು ದಿನವಿಡೀ ಓದುತ್ತಿರುತ್ತದೆ. ಆ ಸೈಟ್‌ಗಳಲ್ಲಿ ಒಂದು ಕೆಟ್ಟದ್ದಾದರೆ ಸಾಕು. ವಿಷ ಬರಲು ಬಾಗಿಲು ತಟ್ಟಲೇಬೇಕೆಂದಿಲ್ಲ, ನಾವೇ ತರಿಸಿಕೊಳ್ಳುವ ಪುಟದಲ್ಲೂ ಬರುತ್ತದೆ.

ತಮ್ಮದೇ ಪ್ರಾಕ್ಸಿ ಬರೆದು, ರೂಟ್ ಆಗಿ ಶುರುಮಾಡಿ, ಆಮೇಲೆ ಬಿಟ್ಟುಕೊಡುತ್ತೇವೆ ಎನ್ನುವವರು ಬಿಟ್ಟಿದ್ದೇವೆ ಎಂದು ನಂಬಿ ಕೂರಬೇಡಿ, ನೋಡಿ. ಮೊದಲು ಹೆಚ್ಚುವರಿ ಗುಂಪುಗಳನ್ನು ಬಿಡಬೇಕು, ಆಮೇಲೆ ಗುಂಪು, ಕೊನೆಗೆ ಖಾತೆ. ಕ್ರಮ ತಪ್ಪಿದರೆ ಬಿಟ್ಟಂತೆ ಕಂಡರೂ ಬಿಟ್ಟಿರುವುದಿಲ್ಲ. ಪ್ರತಿ ಹೆಜ್ಜೆಯೂ ಯಶಸ್ವಿಯಾಯಿತೇ ಎಂದು ಕೇಳಲೇಬೇಕು. 2010ರ ಸುಮಾರಿಗೆ ಆಂಡ್ರಾಯ್ಡ್ ಫೋನುಗಳ ಎಡಿಬಿ ಡೀಮನ್ ರೂಟ್ ಆಗಿ ಶುರುವಾಗಿ ಸಾಮಾನ್ಯ ಖಾತೆಗೆ ಇಳಿಯುತ್ತಿತ್ತು, ಆದರೆ ಇಳಿದೆನೇ ಎಂದು ನೋಡುತ್ತಿರಲಿಲ್ಲ. ಆ ಖಾತೆಯಲ್ಲಿ ಮಿತಿ ಮುಟ್ಟುವಷ್ಟು ಪ್ರೊಸೆಸ್ ತುಂಬಿಸಿದರೆ ಇಳಿಯುವ ಕರೆ ಸೋಲುತ್ತಿತ್ತು, ಡೀಮನ್ ರೂಟ್ ಆಗಿಯೇ ಮುಂದುವರಿಯುತ್ತಿತ್ತು. ಹಾಗೆ ಎಷ್ಟೋ ಫೋನುಗಳು ಒಡೆದವು. ಪ್ರಾಕ್ ಡೈರೆಕ್ಟರಿಯಲ್ಲಿ ನಿಮ್ಮ ಪ್ರೊಸೆಸ್‌ನ ಸ್ಟೇಟಸ್ ಫೈಲ್ ತೆಗೆದು ಯುಐಡಿ ಎಂಬ ಸಾಲು ನೋಡಿ. ಅಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೂರನೆಯದು ಸೊನ್ನೆಯಾಗಿದ್ದರೆ, ಬಿಟ್ಟ ರೂಟನ್ನು ಆ ಪ್ರೋಗ್ರಾಂ ಬೇಕೆಂದಾಗ ಮತ್ತೆ ಪಡೆಯಬಲ್ಲದು. ಅದರೊಳಗೆ ಹೊಕ್ಕವನೂ ಪಡೆಯಬಲ್ಲ. ಆದ್ದರಿಂದ ಸಾಧ್ಯವಿರುವಲ್ಲೆಲ್ಲ ರೂಟ್ ಆಗಿ ಶುರುಮಾಡಲೇಬೇಡಿ. ಕೊಡದಿದ್ದುದನ್ನು ಯಾರೂ ಕದಿಯಲಾರರು.

ಇದು ಎಲ್ಲ ರೋಗಕ್ಕೂ ಮದ್ದು ಎನ್ನುತ್ತಿಲ್ಲ. ಚಿಕ್ಕ ಖಾತೆಯಲ್ಲಿದ್ದವನು ಮೇಲೇರಿದ ಉದಾಹರಣೆಗಳಿವೆ. 2016ರಲ್ಲಿ ಡೆಬಿಯನ್‌ನ ಎಂಜಿನ್‌ಎಕ್ಸ್ ಪ್ಯಾಕೇಜ್‌ನಲ್ಲಿ ಲಾಗ್ ಡೈರೆಕ್ಟರಿಯ ಒಡೆತನ ವರ್ಕರ್‌ನ ಖಾತೆಗೆ ಇತ್ತು. ಲಾಗ್ ಫೈಲ್‌ನ ಜಾಗದಲ್ಲಿ ಕೊಂಡಿ ಇಟ್ಟು, ರೂಟ್ ಆಗಿರುವ ಮಾಸ್ಟರ್ ಅದನ್ನು ಮತ್ತೆ ತೆರೆಯುವವರೆಗೆ ಕಾದು ಮೇಲೇರಬಹುದಿತ್ತು. 2019ರಲ್ಲಿ ಅಪಾಚೆಯಲ್ಲೂ ವರ್ಕರ್‌ನಿಂದ ರೂಟ್‌ಗೆ ಜಿಗಿಯುವ ದೋಷ ಕಂಡಿತು. ಇವು ನಮಗೆ ಹೇಳುವುದು ಏನು? ಉಳಿಸಿಕೊಂಡ ಚೂರು ರೂಟ್ ಕೂಡ ಅಪಾಯವೇ ಎಂದು. ಹಾಗಿರುವಾಗ ಪೂರ್ತಿ ರೂಟ್ ಕೊಟ್ಟು ಕೂರುವುದನ್ನು ಯಾವ ಬಾಯಲ್ಲಿ ಸಮರ್ಥಿಸುವುದು?

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಇಟ್ಟಿರಬೇಕು. ರೂಟ್ ಸಿಕ್ಕವನು ಮೊದಲು ಕೈಹಾಕುವುದು ಲಾಗ್‌ಗೇ. ಯಾವ ಲಾಗ್ ತೋರಿಸುತ್ತೀರಿ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ತಕ್ಕ ಸುರಕ್ಷಾ ಕ್ರಮ ಕೈಗೊಳ್ಳದ ಸಂಸ್ಥೆಗೆ 250 ಕೋಟಿ ರೂಪಾಯಿಯವರೆಗೆ ದಂಡವನ್ನು ಹೇಳುತ್ತದೆ. ಆದರೆ ದಂಡದ ಭಯಕ್ಕೆ ಬದಲಾಗಿ ಎಂದು ನಾನು ಕೇಳುತ್ತಿಲ್ಲ. ದಂಡ ಕಟ್ಟುವುದು ಸಂಸ್ಥೆ. ತನ್ನ ಕಾಯಿಲೆಯ ವಿವರ ಊರೆಲ್ಲ ಹರಡಿದ ಹೆಣ್ಣುಮಗಳಿಗೆ ಆ 250 ಕೋಟಿಯಿಂದ ಏನೂ ಮರಳಿ ಬರುವುದಿಲ್ಲ. ಪಾಸ್‌ವರ್ಡ್ ಬದಲಿಸಬಹುದು. ಬಯಲಾದ ಬದುಕನ್ನು ಬದಲಿಸಲಾಗುವುದಿಲ್ಲ.

ಆದ್ದರಿಂದ ಒಬ್ಬೊಬ್ಬರ ಹೆಸರು ಹಿಡಿದೇ ಕರೆಯುತ್ತೇನೆ.

ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ಮಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ ಕೂತು ಬೇರೆ ಬೇರೆ ದೇಶಗಳ ಸರ್ವರ್ ಕಾಯುವ ಎಂಜಿನಿಯರ್‌ಗಳೇ, ಈ ವಾರ ನಿಮ್ಮ ಕೈಕೆಳಗಿನ ಪ್ರತಿ ಯಂತ್ರದ ಪ್ರೊಸೆಸ್ ಪಟ್ಟಿ ನೋಡಿ. ಪ್ರತಿ ಪ್ರಾಕ್ಸಿಗೂ ಅದರದ್ದೇ ಖಾತೆ ಮಾಡಿ. ಹತ್ತು ಸರ್ವಿಸ್‌ಗೆ ಒಂದೇ ನೋಬಡಿ ಖಾತೆ ಹಂಚಬೇಡಿ, ಒಂದು ಒಡೆದರೆ ಹತ್ತೂ ಹೋಗುತ್ತವೆ. ಸಿಸ್ಟಂಡಿಯ ಸರ್ವಿಸ್ ಫೈಲ್‌ನಲ್ಲಿ ಹೊಸ ಅಧಿಕಾರ ಪಡೆಯದಂತೆ ತಡೆಯುವ ಸಾಲು, ಸಿಸ್ಟಂ ಫೈಲ್‌ಗಳನ್ನು ಓದಲು ಮಾತ್ರ ಬಿಡುವ ಸಾಲು, ಕೇಪಬಿಲಿಟಿಗಳಿಗೆ ಬೇಲಿ ಹಾಕುವ ಸಾಲು, ಈ ಮೂರನ್ನೂ ಸೇರಿಸಿ. ಟ್ರಾನ್ಸ್‌ಪರೆಂಟ್ ಪ್ರಾಕ್ಸಿಗೆ ನೆಟ್-ಅಡ್ಮಿನ್ ಎಂಬ ಕೇಪಬಿಲಿಟಿ ಬೇಕಾದರೆ ಅದೊಂದನ್ನು ಕೊಡಿ. ಲಾಗ್‌ನ ಒಂದು ಪ್ರತಿ ಬೇರೆ ಯಂತ್ರಕ್ಕೆ ಹೋಗಲಿ.

ಮ್ಯಾನೇಜರ್‌ಗಳೇ, ರಾತ್ರಿ ಹನ್ನೊಂದಕ್ಕೆ ಪರ್ಮಿಷನ್ ಡಿನೈಡ್ ಎಂದು ಬಂದಾಗ ಅರ್ಧ ಗಂಟೆ ತೆಗೆದುಕೋ, ಸರಿಯಾಗಿ ಮಾಡು ಎಂದು ಹೇಳುವ ಧೈರ್ಯ ನಿಮಗಿರಲಿ. ಆ ಹುಡುಗನ ಕೈಯಲ್ಲಿ ಸುಡೊ ಹೊಡೆಸಿದ್ದು ನಿಮ್ಮ ಅವಸರ. ಗ್ರಾಹಕರಿಗೆ ತಡವಾದದ್ದಕ್ಕೆ ವಿವರಣೆ ಕೊಡಬಹುದು, ಒಡೆದುಹೋದದ್ದಕ್ಕೆ ವಿವರಣೆ ಇರುವುದಿಲ್ಲ.

ಎಂಜಿನಿಯರಿಂಗ್ ಕಾಲೇಜುಗಳ ಮೇಷ್ಟರೇ, ಮೇಡಂ, ನಿಮ್ಮ ಲ್ಯಾಬ್‌ನಲ್ಲಿ ಮಕ್ಕಳು ರೂಟ್ ಆಗಿ ಲಾಗಿನ್ ಆಗಿ ಪಾಠ ಶುರುಮಾಡುತ್ತಿದ್ದರೆ, ಇಡೀ ವೃತ್ತಿಜೀವನಕ್ಕೆ ಒಂದು ಕೆಟ್ಟ ಅಭ್ಯಾಸವನ್ನು ಕಟ್ಟಿಕೊಡುತ್ತಿದ್ದೀರಿ. ಅನುಮತಿಯಿಲ್ಲ ಎಂಬ ಉತ್ತರ ಬಂದಾಗ ಏಕೆ ಇಲ್ಲ, ಎಷ್ಟು ಬೇಕು ಎಂದು ಕೇಳುವುದನ್ನು ಕಲಿಸಿ. ಕನ್ನಡದಲ್ಲಿ ಲಿನಕ್ಸ್ ಪಾಠ ಬರೆಯುವವರೇ, ವಿಡಿಯೋ ಮಾಡುವವರೇ, ನಿಮ್ಮ ಪ್ರತಿ ಆಜ್ಞೆಯ ಮುಂದೆ ಅಂಟಿಕೊಂಡ ಸುಡೊ ಎಷ್ಟೋ ಮಂದಿಯ ಕೈಗೆ ಕಾಪಿ ಆಗುತ್ತದೆ. ಬೇಕಿಲ್ಲದ ಕಡೆ ಅಳಿಸಿ. ಬೇಕಾದ ಕಡೆ ಏಕೆ ಬೇಕು ಎಂದು ಒಂದು ಸಾಲು ಹೇಳಿ.

ಆಡಿಟ್ ಮಾಡುವವರೇ, ನೀತಿ ಪತ್ರದ ಮೇಲೆ ಸಹಿ ಇದೆಯೇ ಎಂದು ನೋಡಿ ಎದ್ದುಬರಬೇಡಿ. ಪ್ರೊಸೆಸ್ ಪಟ್ಟಿ ತೆಗೆಸಿ ಕಣ್ಣಾರೆ ನೋಡಿ. ಟೆಂಡರ್ ಬರೆಯುವ ಅಧಿಕಾರಿಗಳೇ, ಜನರ ಹಣದಲ್ಲಿ ಜನರಿಗಾಗಿ ಕಟ್ಟಿಸುವ ಯಾವ ಸೇವೆಯ ಪ್ರಾಕ್ಸಿಯೂ ರೂಟ್ ಆಗಿ ಓಡಕೂಡದು ಎಂಬ ಒಂದು ಷರತ್ತು ಸೇರಿಸಿ. ಅದಕ್ಕೆ ಹಣ ಬೇಡ, ಹೊಸ ಯಂತ್ರ ಬೇಡ, ಬೇರೆ ಲೈಸೆನ್ಸ್ ಬೇಡ.

ಹೊಸದಾಗಿ ಕೆಲಸಕ್ಕೆ ಸೇರಿದ ತಮ್ಮಂದಿರೇ, ತಂಗಿಯರೇ, ನಿಮಗೆ ಕೊನೆಯದಾಗಿ ಹೇಳುತ್ತೇನೆ, ಏಕೆಂದರೆ ಕೀಬೋರ್ಡ್ ಮೇಲೆ ಕೈ ಇರುವುದು ನಿಮ್ಮದೇ. ದೊಡ್ಡವರು ರೂಟ್‌ನಲ್ಲೇ ಓಡಿಸಿಬಿಡು ಎನ್ನುತ್ತಾರೆ. ಎಲ್ಲರೂ ಹಾಗೇ ಮಾಡುವುದು ಎನ್ನುತ್ತಾರೆ. ಬೇಡ ಸಾರ್, ಹತ್ತು ನಿಮಿಷ ಕೊಡಿ, ಖಾತೆ ಮಾಡಿ ಓಡಿಸುತ್ತೇನೆ ಎನ್ನಿ. ಮೊದಲ ಸಲ ದನಿ ನಡುಗಬಹುದು. ನಡುಗಲಿ, ಆದರೂ ಹೇಳಿ. ನಿಮ್ಮನ್ನು ನಂಬಿದವರು ಆ ಕೋಣೆಯಲ್ಲಿ ಇಲ್ಲ, ಆ ಕಾಲ್‌ನಲ್ಲೂ ಇಲ್ಲ. ಅವರ ಪರವಾಗಿ ಮಾತಾಡಲು ಅಲ್ಲಿ ಇರುವವರು ನೀವೊಬ್ಬರೇ. ಅವರ ಪರ ನಿಲ್ಲಿ. ಇಂದಿನಿಂದ ನೀವು ಮುಟ್ಟಿದ ಯಾವ ಪ್ರಾಕ್ಸಿಯೂ ರೂಟ್ ಆಗಿ ಓಡದಿರಲಿ.